ಅತ್ತೆಯ ಕೈಗೆ ಬೆಂಕಿಕಡ್ಡಿ ಕೊಡುವ ಸೊಸೆ

ಬೆಳಗಿನ ಐದೂವರೆ. ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ರಾಶಿ ರಾಶಿಯಾಗಿ ಹಬೆಯಾಡುತ್ತಿದೆ. ಸುವಾರ್ತಮ್ಮ ಸೀರೆ ಎತ್ತಿ ಕಟ್ಟಿ ಆ ಬಿಸಿಯೊಳಗೆ ಬರಿಗಾಲಲ್ಲಿ ಇಳಿಯುತ್ತಾರೆ. ಪಾದಗಳನ್ನು ನೆಲಕ್ಕೆ ಒತ್ತಿ ಜಾರಿಸುತ್ತ ನಡೆದಂತೆ ಹಿಂದೆ ಉದ್ದಕ್ಕೂ ಸಾಲು ಬೀಳುತ್ತದೆ. ತುದಿ ಮುಟ್ಟಿ ತಿರುಗುತ್ತಾರೆ, ಪಕ್ಕದಲ್ಲಿ ಇನ್ನೊಂದು ಸಾಲು. ದಿನಕ್ಕೆ ಹದಿನೆಂಟು ಚೀಲ ಭತ್ತ ಅವರೊಬ್ಬರ ಪಾಲಿನದು. ಅರ್ಧ ಗಂಟೆಗೊಮ್ಮೆ ಮಗುಚಬೇಕು, ಸಂಜೆಯೊಳಗೆ ಒಣಗಿಸಬೇಕು. ಪತ್ರಿಕೆಗೆ ಬರೆಯಲು ಬಂದಿದ್ದ ನಾನೂ ಕುತೂಹಲ ತಡೆಯಲಾರದೆ ಚಪ್ಪಲಿ ಕಳಚಿ ಒಂದು ಕಾಲಿಟ್ಟೆ, ಇಟ್ಟಷ್ಟೇ ಬೇಗ ತೆಗೆದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಅಂಗಳದಾಗ ಏನ್ ನೋಡ್ತೀರಿ? ಆಕಿನ್ನ ನೋಡಬೇಕಂದ್ರ ಮನಿಗೆ ಹೋಗ್ರಿ," ಎಂದವರು ಜೊತೆಗೆ ದುಡಿಯುವ ಪಾರಮ್ಮ. ಅಂದು ಶುಕ್ರವಾರ. ಸಂಜೆ ಭತ್ತ ಗುಡ್ಡೆ ಮಾಡಿ ಹೊರಟ ಸುವಾರ್ತಮ್ಮನ ಹಿಂದೆ ನಾನೂ ಹೊರಟೆ.

ಒಂದೇ ಕೋಣೆಯ ಮನೆ, ಅದರಲ್ಲಿ ಎರಡು ಒಲೆ. ಕುರುಗೋಡಿನಿಂದ ಸುಂಕಮ್ಮನೆಂಬ ಹೆಸರಿನಲ್ಲಿ ಸೊಸೆಯಾಗಿ ಬಂದ ಇವರು, ಹಮಾಲಿ ಕೆಲಸದ ಗಂಡ ಓಬಳೇಶನೊಡನೆ ಹದಿಮೂರು ವರ್ಷದ ಕೆಳಗೆ, 1966ರಲ್ಲಿ, ಕ್ರೈಸ್ತ ದೀಕ್ಷಾಸ್ನಾನ ಪಡೆದು ಸುವಾರ್ತಮ್ಮನಾದರು. ಅತ್ತೆ ಹಂಪಕ್ಕ ಅಂದೇ ಬೇರೆ ಒಲೆ ಹೂಡಿದರು. ಹನ್ನೊಂದು ವರ್ಷ ಸೊಸೆ ತಂದ ನೀರು ಮುಟ್ಟಲಿಲ್ಲ. ಸೊಸೆ ಎದುರಾಡಲಿಲ್ಲ ಎಂದರೆ ನಂಬಬಹುದು. ಆದರೆ ಈಕೆ ದಿನಾ ಅತ್ತೆಯ ಸಾರನ್ನು ಹೊಗಳುತ್ತಿದ್ದರಂತೆ!

"ಸುಳ್ಳೇನ್ ಹೊಗಳಿಲ್ರಿ," ಎನ್ನುತ್ತಾರೆ ಸುವಾರ್ತಮ್ಮ. "ಅವ್ರ ಸಾರಿನ ವಾಸನಿ ಓಣಿ ತುಂಬಾ ಬರ್ತಿತ್ತು. ಚಲೋ ಇದ್ದಿದ್ದನ್ನ ಚಲೋ ಐತಿ ಅನ್ನಾಕ ಏನಡ್ಡಿ? ಮನ್ಯಾಗಿನವ್ರಿಗೆ ಒಂದು ಒಳ್ಳೇ ಮಾತಾಡದ ಬಾಯಿಲೆ ಪ್ರಾರ್ಥನಿ ಮಾಡಿದ್ರ ದೇವ್ರು ಕೇಳ್ತಾನೇನ್ರಿ?"

ಎರಡು ವರ್ಷದ ಕೆಳಗೆ ಹಂಪಕ್ಕನ ಎರಡೂ ಕಣ್ಣು ಹೋದವು. ಗೋಡೆಯ ಗೂಡಿನಲ್ಲಿರುವ ಹುಲಿಗೆಮ್ಮ ದೇವಿಗೆ ದೀಪ ಹಚ್ಚಲು ಹೋಗಿ ಕೈ ಸುಟ್ಟುಕೊಂಡರು. ಕಣ್ಣಿಲ್ಲದೆ ತನ್ನ ಒಲೆ ಆರಿದ್ದಕ್ಕೆ ಅಳದ ಅಜ್ಜಿ, ದೀಪ ನಿಂತಿದ್ದಕ್ಕೆ ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಕೂತರು. ನಾಲ್ಕನೆಯ ದಿನ ಸುವಾರ್ತಮ್ಮ ಗೂಡು ಒರೆಸಿ, ಎಣ್ಣೆ ಬತ್ತಿ ಹಾಕಿ, ಅತ್ತೆಯ ಕೈಗೆ ಬೆಂಕಿಕಡ್ಡಿ ಕೊಟ್ಟರು. "ಹಚ್ರಿ ಅತ್ತೀ, ನಾ ಅದೀನಿ. ನಿಮಗ ಬರ್ತೈತಿ." ದೀಪ ಹತ್ತಿತು. ಆ ದಿನವೇ ಹಂಪಕ್ಕ ಸೊಸೆಯ ಕೈಯ ರೊಟ್ಟಿ ತಿಂದರು. ಅಂದಿನಿಂದ ಒಂದು ಮಂಗಳವಾರವೂ ಒಂದು ಶುಕ್ರವಾರವೂ ದೀಪ ತಪ್ಪಿರಲಿಲ್ಲ.

ಇದು ಅವರ ಕ್ರೈಸ್ತ ಸಭೆಯವರ ಕಿವಿಗೆ ಬಿತ್ತು. ಕ್ರೈಸ್ತಳಾದವಳು ವಿಗ್ರಹಕ್ಕೆ ಎಣ್ಣೆ ಹಾಕುವುದೇ? ಸಭೆಯ ಹಿರಿಯ ಎರ್ರಣ್ಣ ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಇದನ್ನು ಬಿಡುವ ತನಕ ಪ್ರಭುಭೋಜನ ತೆಗೆದುಕೊಳ್ಳಬೇಡ ಎಂದರು. ತಿಂಗಳ ಮೊದಲ ಭಾನುವಾರ ಪ್ರಾರ್ಥನೆಯಲ್ಲಿ, ಯೇಸುವಿನ ನೆನಪಿಗೆಂದು ಎಲ್ಲರಿಗೂ ಆ ಭೋಜನದ ರೊಟ್ಟಿಯ ತಟ್ಟೆ ಬರುತ್ತದೆ. ನಾಲ್ಕು ತಿಂಗಳಿಂದ ಸುವಾರ್ತಮ್ಮ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಾರೆ.

"ಸಿಟ್ಟು ಬರಲಿಲ್ಲವೇ?" ಎಂದೆ.

"ಅವ್ರು ನನ್ನ ಸಲುವಾಗಿನ ಹೆದರ್ತಾರ್ರಿ, ಸಿಟ್ಟು ಯಾಕ? ಆದ್ರ ಆ ರೊಟ್ಟಿ ಇಲ್ದ ಕರುಳು ಸುಡ್ತೈತಿ. ನಮ್ಮತ್ತಿಗೆ ಇದು ಗೊತ್ತಿಲ್ಲ, ಗೊತ್ತಾಗಬಾರ್ದು."

ಅತ್ತೆ ಎರಡು ಮಾರು ದೂರದಲ್ಲೇ ಕೂತಿದ್ದರು. ಸುವಾರ್ತಮ್ಮ ಪಿಸುಗುಟ್ಟುತ್ತಿದ್ದರೆ ನಾನು ಭಾಷಣಕಾರನ ಗಂಟಲಲ್ಲಿ "ನಾಲ್ಕು ತಿಂಗಳು ಪ್ರಭುಭೋಜನವಿಲ್ಲವೇ!" ಎಂದುಬಿಟ್ಟೆ. ಕಣ್ಣಿಲ್ಲದವರಿಗೆ ಕಿವಿಯೂ ಇಲ್ಲವೆಂದುಕೊಂಡ ಪೆದ್ದ ನಾನು.

ದೀಪದ ಹೊತ್ತಾಯಿತು. ಸುವಾರ್ತಮ್ಮ ಕಡ್ಡಿ ನೀಡಿದರೆ ಹಂಪಕ್ಕ ಮುಷ್ಟಿ ಬಿಚ್ಚಲಿಲ್ಲ.

"ನೀ ಉಪಾಸ ಇರಾಕಿ, ನಾ ದೀಪ ಹಚ್ಚಾಕಿ. ಯಾವ ಊರ ನ್ಯಾಯ ಇದು?"

"ಅತ್ತೀ, ಕೈ ಬಿಚ್ರಿ."

"ಬಿಚ್ಚಂಗಿಲ್ಲ. ಮೊದ್ಲು ನಾಡದು ನನ್ನ ನಿಮ್ಮ ಗುಡಿಗೆ ಕರ್ಕಂಡು ಹೋಗು."

ಆ ಸಂಜೆ ದೀಪ ಹತ್ತಲಿಲ್ಲ. ನನ್ನಿಂದಾದ ಅನಾಹುತಕ್ಕೆ ನಾಚಿ, ತಿಂಗಳ ಮೊದಲನೆಯದಾದ ಆ ಭಾನುವಾರ ನಾನೂ ಹೋಗಿ ಸಭೆಯ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಂತಿದ್ದೇನೆ. ತಟ್ಟೆ ಹೊರಡುವ ಮೊದಲೇ ಹಂಪಕ್ಕ ಸೊಸೆಯ ಹೆಗಲು ಹಿಡಿದು ಎದ್ದು ನಿಲ್ಲುತ್ತಾರೆ.

"ಎರ್ರಣ್ಣ ಎಲ್ಲಿ ಅದಾನ? ಕೇಳಪ್ಪಾ. ದೀಪ ಹಚ್ಚಾಕಿ ನಾನು. ನನ್ನ ಸೊಸಿ ಒಂದು ದಿನಾನೂ ಹುಲಿಗೆಮ್ಮಗ ಕೈ ಮುಗಿದಿಲ್ಲ."

"ನಿನಗ ಕಣ್ಣು ಕಾಣಂಗಿಲ್ಲಲ್ಲ ಅವ್ವಾ, ಹೆಂಗ ಗೊತ್ತು?" ಎಂದು ಎರ್ರಣ್ಣ ಮೆತ್ತಗೆ ಕೇಳುತ್ತಾರೆ.

"ಆಕಿ ಒಂದು ಕೈಯಾಗ ಬೆಂಕಿಪೊಟ್ಟಣ. ಇನ್ನೊಂದು ಕೈ ನನ್ನ ಕೈ ಸುಡಬಾರ್ದಂತ ಮಣಿಕಟ್ಟು ಹಿಡಿದಿರ್ತೈತಿ. ದೀಪ ಹತ್ತಿ, ನಾ ಬಂದು ಕುಂದ್ರೋತನಕ ಬಿಡಂಗಿಲ್ಲ. ಮುಗಿಯಾಕ ಆಕಿಗೆ ಇನ್ನೊಂದು ಕೈ ಎಲ್ಲಿ ಐತಪ್ಪಾ?"

ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ ಆದ ನಾನೂ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗಿಡುತ್ತೇನೆ. ಇಷ್ಟು ದೊಡ್ಡ ಮಾತನ್ನು ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. ಎರ್ರಣ್ಣ ತಟ್ಟೆಯನ್ನು ತಾವೇ ಎತ್ತಿಕೊಂಡು, ಮುಂದಿನ ಸಾಲುಗಳನ್ನೆಲ್ಲ ದಾಟಿ, ಸೀದಾ ಕೊನೆಯ ಚಾಪೆಗೆ ಬಂದು ಸುವಾರ್ತಮ್ಮನ ಮುಂದೆ ಹಿಡಿಯುತ್ತಾರೆ. ಆಕೆ ರೊಟ್ಟಿಯ ಚೂರು ತೆಗೆದುಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಹೊರಗೆ ಬಂದಾಗ, ಪತ್ರಿಕೆಗೆ ನಿಮ್ಮ ಬಗ್ಗೆ ಏನೆಂದು ಬರೆಯಲಿ ಎಂದು ಕೇಳಿದೆ. ಸುವಾರ್ತಮ್ಮ ಅತ್ತೆಯ ಕಾಲಿಗೆ ಚಪ್ಪಲಿ ಸರಿಮಾಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ದೊಡ್ಡದೇನೂ ಬರೀಬ್ಯಾಡ್ರಿ. ಹಂಪಕ್ಕನ ಸೊಸಿ ಅಂತ ಬರೀರಿ, ಸಾಕು."