ಕೂಗು ಕೇಳಿಸದ ಮೋಟರು

ಮೊಮ್ಮಗಳ ಗಂಡ ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುತ್ತಾನೆ. ಇವತ್ತು ಮುಂಜಾನೆ ದೋಣಿಗೆಂದು ಎರಡು ಮೋಟರು ತಂದು, ಭಾಲ್ಕಿಯ ನಮ್ಮ ಅಂಗಳದಲ್ಲಿ ನೀರು ತುಂಬಿದ ಪೀಪಾಯಿಗೆ ಒಂದೊಂದಾಗಿ ಕಟ್ಟಿ ಚಾಲೂ ಮಾಡಿ ನೋಡುತ್ತಿದ್ದ. ಪೆಟ್ರೋಲಿನ ಘಾಟು ಅಡುಗೆಮನೆಯವರೆಗೆ ಬಂತು.

"ಆಯಿ, ನೀವು ಅಂಬಿಗರ ಮನಿಯವರು. ಯಾವುದನ್ನ ನೆಚ್ಚಬೇಕು, ಹೇಳ್ರಿ" ಎಂದ.

ಮೂಗಿಗೆ ಸೆರಗು ಹಿಡಿದು ಒಳಗೆ ನಡೆದುಬಿಟ್ಟೆ. ಮುದುಕಿಗೆ ವಾಸನೆ ಆಗಿಬರುವುದಿಲ್ಲ ಅಂದುಕೊಂಡಿರಬೇಕು, ಪಾಪ. ಅವನಿಗೆ ಹೇಳಲಾಗದ್ದನ್ನು ನಿಮಗಾದರೂ ಬರೆದು ಹೇಳುತ್ತೇನೆ, ಕೇಳಿ.

ಹದಿನಾರಕ್ಕೆ ಮದುವೆಯಾಗಿ ನಾನು ಬಂದದ್ದು ಹಲಬರ್ಗಾದ ಆಚೆ, ಮಾಂಜ್ರಾ ದಂಡೆಯ ಊರಿಗೆ. ನಿಜಾಮನ ರಾಜ್ಯದ ಕಡೆಯ ದಿನಗಳವು. ತವರು ಔರಾದ ಕಡೆಯ ಚಿಂತಾಕಿ. ನಡುವೆ ಈ ಹೊಳೆ. ಮಳೆಗಾಲದಲ್ಲಿ ಹುಟ್ಟು ಹಾಕಿ ದಾಟುವುದೆಂದರೆ ಅರ್ಧ ದಿನದ ಗೋಳು. ಅವ್ವನ ನೆನಪಾಗಿ ರೊಟ್ಟಿ ಬಡಿಯುತ್ತಲೇ ಅಳುತ್ತಿದ್ದೆ. ಆ ಹಿಟ್ಟಿಗೆ ಬೇರೆ ಉಪ್ಪು ಬೇಕಿರಲಿಲ್ಲ ಅನ್ನಿ.

ಮಾವ ಅಂಬಿಗ. ಆಚೆ ದಂಡೆಯಿಂದ ಯಾರಾದರೂ "ದೋಣಿ ತರ್ರೀ…" ಎಂದು ಕೂಗಿದರೆ ಉಣ್ಣುವ ತಾಟು ಬಿಟ್ಟಾದರೂ ಎದ್ದು "ಬಂದೇನ್ರೀ…" ಎಂದು ಓಗೊಡುತ್ತಿದ್ದರು. ಓಗೊಡದವನು ಅಂಬಿಗನೇ ಅಲ್ಲ ಎನ್ನುವುದು ಅವರ ಶಾಸ್ತ್ರ.

ಬೀದರಿನಲ್ಲಿ, ಚಿದ್ರಿಯ ಹತ್ತಿರ, ಫೌಜಿನ ಹಳೇ ಸಾಮಾನು ಮಾರುವ ಗುಜರಿಯವನೊಬ್ಬನ ಬಳಿ ದೋಣಿಯ ಮೋಟರುಗಳಿವೆ ಎಂದು ಸುದ್ದಿ ಬಂತು. ನಾನು ನಮ್ಮವರ ಬೆನ್ನು ಹತ್ತಿದೆ. ಮೋಟರು ಬಂದರೆ ಮುಂಜಾನೆ ತವರಿಗೆ ಹೋಗಿ ಸಂಜೆ ತಿರುಗಿ ಬರಬಹುದು! ಬಳೆ ಇಡಿಸಿಕೊಳ್ಳುವ ನೆಪ ಹೇಳಿ ಮಾವ, ನಮ್ಮವರ ಜೊತೆ ಅಂಗಡಿಗೂ ಹೋದೆ. ಒಂದು ಸಣ್ಣದು, ಒಂದು ದೊಡ್ಡದು. "ದೊಡ್ಡ ಮಶೀನ್ ಧೋಕಾ ಕೊಡಂಗಿಲ್ರಿ" ಎಂದ ಅಂಗಡಿಯವನು. ಮಾವ ಅದನ್ನು ಚಾಲೂ ಮಾಡಿಸಿ, ದೂರ ಹೋಗಿ ಬೆನ್ನು ತಿರುಗಿಸಿ ನಿಂತು, ಮಗನಿಗೆ ಕೂಗಲು ಹೇಳಿದರು. ನಮ್ಮವರು ಗಂಟಲು ಹರಿಯುವಂತೆ ಕೂಗಿದರೂ ಅವರು ಮಿಸುಕಲಿಲ್ಲ.

"ಗಟ್ಟಿ ಅದ. ಆದ್ರ ಕೂಗು ಕೇಳಸಂಗಿಲ್ಲ. ಬ್ಯಾಡ" ಎಂದರು.

ನಾನು ಸುಮ್ಮನಿರಬೇಕಿತ್ತು. "ಮಾವಾರ, ಸಣ್ಣದು ಹೊಳಿ ಸೆಳವಿಗೆ ತಡೀತದೇನ್ರಿ?" ಎಂದೆ. ಹೊಸ ಸೊಸೆ ಬಾಯಿ ಬಿಟ್ಟು ಕೇಳಿದ ಮೊದಲ ಮಾತು. ಮಾವ ನನ್ನ ಮುಖ ನೋಡಿ ದೊಡ್ಡದನ್ನೇ ಹೊರಿಸಿದರು.

ಮಳೆಗಾಲ ಮುಗಿಯುವ ಮೊದಲೇ ಹಿಂದೂಸ್ತಾನದ ಫೌಜು ನುಗ್ಗಿ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮನ ಕಡೆಯ ರಜಾಕಾರರು ಓಡಿದರು, ಅವರ ಪಾಪಕ್ಕೆ ಏನೂ ಅರಿಯದ ಮುಸಲ್ಮಾನರ ಮನೆಗಳು ಉರಿದವು. ಜೀವ ಹಿಡಿದು ಬಂದವರನ್ನೆಲ್ಲ ಮಾವ ಜಾತಿ ಕೇಳದೆ ದಾಟಿಸಿದರು. ಒಂದು ಸಂಜೆ ಕೂಸುಗಳನ್ನು ಹಿಡಿದುಕೊಳ್ಳಲು ನಾನೂ ದೋಣಿಯಲ್ಲಿದ್ದೆ. ಆಚೆ ದಂಡೆಯಿಂದ ಮಂದಿಯನ್ನು ತುಂಬಿಕೊಂಡು ನಡುಹೊಳೆಗೆ ಬಂದಿದ್ದೆವು. ಜಿಟಿಜಿಟಿ ಮಳೆ. ಬಿಟ್ಟುಬಂದ ದಂಡೆಯ ಮೇಲೆ ಯಾರೋ ಹೆಂಗಸು ಕೈ ಎತ್ತಿದ್ದು ಕಂಡಿತು. ದೋಣಿಯಲ್ಲಿದ್ದವರ ಪೈಕಿ, ಕಳಿಸಿಕೊಡಲು ಬಂದಿರಬೇಕೆಂದು ನಾನೂ ಕೈ ಬೀಸಿದೆ.

ಈಚೆಗೆ ಬಂದು ಮೋಟರು ನಿಂತ ಮೇಲೆ ಮಾವ ಕೇಳಿದರು: "ಯಾರೋ ಕೂಗಿದಂಗಾತಲ್ಲವಾ?"

"ಯಾರೂ ಇಲ್ರಿ" ಎಂದೆ.

ಹದಿನೈದು ದಿನಕ್ಕೆ ತವರಿನಿಂದ ಅಣ್ಣ ಬಂದ. ಗದ್ದಲದಲ್ಲಿ ಮಗಳು ಹೇಗಿದ್ದಾಳೋ ಎಂದು ಅವ್ವ ಆ ಸಂಜೆ ಮಳೆಯಲ್ಲೇ ಆಚೆ ದಂಡೆಯವರೆಗೆ ನಡೆದು ಬಂದಿದ್ದಳಂತೆ. ಕೂಗಿದರೂ ದೋಣಿ ತಿರುಗಲಿಲ್ಲವಂತೆ. ತಿರುಗಿ ಹೋಗಿ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ. "ಸಾಯೋತನಾ ಒಂದೇ ಮಾತವಾ" ಎಂದ ಅಣ್ಣ. "'ಮಗಳು ಆರಾಮ ಅದಾಳ. ಅಷ್ಟು ದೂರದಿಂದ ನನ್ನ ಗುರ್ತಾ ಹಿಡದು ಕೈ ಬೀಸಿದಳು' ಅಂತಿದ್ದಳು."

ಗುರುತು ಹಿಡಿದಿರಲಿಲ್ಲ. ಅದನ್ನು ಅಣ್ಣನಿಗೆ ಹೇಳಲಿಲ್ಲ, ಅವನೂ ತೀರಿಹೋದ. ನಮ್ಮವರಿಗೂ ಹೇಳಲಿಲ್ಲ. ಇಷ್ಟು ವಯಸ್ಸಾಯಿತು, ನಾನೇ ಮುತ್ತಜ್ಜಿಯಾದೆ. ಆದರೂ ಅವ್ವ ಬೇಕು ಅನಿಸುತ್ತದೆ, ನಾಚಿಕೆ ಇಲ್ಲದೆ.

ಇಷ್ಟು ಬರೆದು ಹೊರಗೆ ಬಂದೆ. ಮೊಮ್ಮಗಳ ಗಂಡ ಇನ್ನೂ ಎರಡು ಮೋಟರನ್ನೂ ಇಟ್ಟುಕೊಂಡು ಕೂತಿದ್ದ.

"ಯಾವುದರೆ ತಗೋಪಾ" ಎಂದೆ. "ದಂಡಿ ಮ್ಯಾಲ ಯಾರರೆ ಕೈ ಎತ್ತಿದ್ರ, ನೀನು ಕೈ ಬೀಸಬ್ಯಾಡ. ದೋಣಿ ತಿರುಗ್ಸು."