ಸೌತ್ ಸಿ ರಸ್ತೆಯಲ್ಲಿ ಒಡೆದ ಬೂದುಗುಂಬಳ

ಅಳಿಯ ಹೊಸ ಕಾರು ತಂದಾಗ ದೃಷ್ಟಿ ತೆಗೆದವನು ನಾನೇ. ಸೌತ್ ಸಿ ಬಡಾವಣೆಯ ಅವನ ಮನೆ ಗೇಟಿನಾಚೆ ರಸ್ತೆ ಮೇಲೆ ಬೂದುಗುಂಬಳ ಒಡೆದೆ. ನಾನು ಒಡೆದರೆ ಚೂರುಗಳು ಮೊಂಬಾಸಾ ರೋಡಿನ ತನಕ ಹಾರುತ್ತವೆ, ಇಡೀ ನೈರೋಬಿಯ ದೃಷ್ಟಿ ಇಳಿಯುತ್ತದೆ! ಅಷ್ಟರಲ್ಲಿ ಬೋಡಾ ಬೋಡಾ ಎನ್ನುವ ಬಾಡಿಗೆ ಬೈಕಿನವನೊಬ್ಬ ಬಂದು, ಆ ಚೂರುಗಳ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ. ಮನೆ ಯಜಮಾನ ಅಂತ ಅವನ ವಕೀಲ ಅಳಿಯನ ಮೇಲೆ ಕೇಸು ಜಡಿದ. ಕೇಳಿದಷ್ಟು ಪರಿಹಾರ ಕೊಡಬೇಕಾದರೆ ಮನೆಯನ್ನೇ ಮಾರಬೇಕು.

ಇನ್ಶೂರೆನ್ಸ್ ಏಜೆಂಟನನ್ನು ಕರೆಸಿದೆ. ನಮ್ಮ ಮಂಡ್ಯ ಕಡೆಯವನೇ.

"ತಾತ, ಕಾರು ಅವನಿಗೆ ಗುದ್ದಿಲ್ಲ, ಅದರ ಪಾಲಿಸಿಯಿಂದ ಏನೂ ಬರಲ್ಲ. ಮನೆ ಪಾಲಿಸಿ ಒಂದು ಮಿತಿವರೆಗೆ ಕೊಡುತ್ತೆ, ಅಷ್ಟೆ."

"ಉಳಿದದ್ದನ್ನು ನಿಮ್ಮಪ್ಪ ಕೊಡ್ತಾನಾ?"

"ಅದಕ್ಕೇ ಅಂಬ್ರೆಲಾ ಪಾಲಿಸಿ ಅಂತ ಇರೋದು. ಆ ಮಿತಿ ಮುಗಿದ ಮೇಲೆ ಅದು ಕೊಡುತ್ತೆ, ಮನೆ ಉಳಿಯುತ್ತೆ. ಆದ್ರೆ ಮುಂಚೆಯೇ ಮಾಡಿಸಿರಬೇಕಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದಲೇ ಬೊಗಳೋಕೆ ಏನಾಗಿತ್ತೋ ನಿಂಗೆ?"

"ಹೋದ ವರ್ಷವೇ ಇದನ್ನ ಹೇಳೋಕೆ ಬಂದಿದ್ದೆ ತಾತ. 'ನಾನಿರುವಾಗ ಈ ಮನೆಗೆ ಏನಯ್ಯಾ ಆಗುತ್ತೆ?' ಅಂತ ನೀವೇ ಗೇಟಿನಿಂದ ಓಡಿಸಿದ್ರಿ."

ನೀವೇ ಹೇಳಿ ಸ್ವಾಮಿ, ಒಬ್ಬ ಮುದುಕ ಬೈದ ಅಂತ ಸುಮ್ಮನೆ ಹೊರಟುಹೋಗುವವನು ಎಂಥ ಏಜೆಂಟು?