ಗೂಬೆಪೇಟೆಯಲ್ಲಿ ಮೈಕಮ್ಮ

ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ, ವಿಚಾರಣೆಯ ಕಿಟಕಿಯ ಹಿಂದೆ, ಗಾಜಿನ ಗೋಡೆಯ ಪುಟ್ಟ ಕೋಣೆಯೊಂದಿತ್ತು. ಒಂದು ಮೇಜು, ಒಂದು ಮೈಕು, ಕಿರುಗುಟ್ಟುವ ಒಂದು ಫ್ಯಾನು. ಅಲ್ಲಿ ಕೂತು ಬಸ್ಸುಗಳು ಬರುವುದನ್ನೂ ಹೊರಡುವುದನ್ನೂ ಹೇಳುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಡ್ರೈವರು, ಕಂಡಕ್ಟರುಗಳೆಲ್ಲ ಮೈಕಮ್ಮ ಅಂದರು, ಅದೇ ನಿಂತುಹೋಯಿತು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಮಾತಾಡುವ ಮುಂಚೆ ಅದನ್ನು ಆರಿಸುವುದು, ಮುಗಿದ ಮೇಲೆ ಹಾಕುವುದು ಅವಳ ರೂಢಿ. ಬೇಸಗೆಯಲ್ಲಿ ಸೀರೆಯ ಸೆರಗೆಲ್ಲ ಬೆವರು ಒರೆಸುವುದಕ್ಕೇ ಆಗುತ್ತಿತ್ತು.

ಅವಳ ದನಿಗೆ ಒಂದು ಗುರುತಿತ್ತು. “ಪ್ರಯಾಣಿಕರ ಗಮನಕ್ಕೆ” ಅಂದವಳೇ ಒಂದು ಉಸಿರಿನಷ್ಟು ನಿಲ್ಲುತ್ತಿದ್ದಳು. ಮಗು ಬಾಯಿ ತೆರೆಯಲಿ ಎಂದು ತಾಯಿ ತುತ್ತು ಹಿಡಿದು ಕಾಯುತ್ತಾಳಲ್ಲ, ಹಾಗೆ. ಉಳಿದದ್ದು ಆಮೇಲೆ. ಬಸ್ಸು ತಡ ಎಂದು ಅವಳು ಹೇಳಿದರೆ ಜನ ಗೊಣಗುವುದನ್ನು ಬಿಟ್ಟು ಚೀಲ ಕೆಳಗಿಟ್ಟು ಕೂರುತ್ತಿದ್ದರು. ಊರಿಗೆಲ್ಲ ಆ ದನಿ ಗೊತ್ತು, ಮುಖ ಗೊತ್ತಿದ್ದವರು ಕಮ್ಮಿ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಬೆಲೆ ಕೇಳಿದರೆ ಅಂಗಡಿಯವಳು ತಲೆಯೆತ್ತಿ, “ನಿಮ್ಮನ್ನ ಎಲ್ಲೋ ಕೇಳಿದ ಹಾಗಿದೆಯಲ್ಲಮ್ಮ” ಅನ್ನುತ್ತಿದ್ದಳು.

ಮದುವೆಯಾದದ್ದೂ ಈ ದನಿಯಿಂದಲೇ. ದೂರದ ದಾರಿಯ ಡ್ರೈವರೊಬ್ಬ ಒಂದು ದಿನ ಕಿಟಕಿಗೆ ಬಂದು ಜಗಳ ತೆಗೆದ. “ನನ್ನ ಬಸ್ಸು ಲೇಟು ಅಂತ ದಿನಾ ಡಂಗುರ ಹೊಡೀತೀರಲ್ಲ, ಸರಿಯಾಗಿ ಬಂದಾಗ ಅದನ್ನೂ ಹೇಳಿ ನೋಡೋಣ!”

“ಮೊದಲು ಬನ್ನಿ, ಆಮೇಲೆ ಹೇಳ್ತೀನಿ,” ಅಂದಳು ಮೈಕಮ್ಮ.

ಹಟಕ್ಕೆ ಬಿದ್ದವನ ಹಾಗೆ ಅವನು ಮಾರನೆಯ ದಿನ ವೇಳೆಗೆ ಸರಿಯಾಗಿ ಬಂದ. ಮೈಕಮ್ಮ ಫ್ಯಾನು ಆರಿಸಿದಳು. “ಪ್ರಯಾಣಿಕರ ಗಮನಕ್ಕೆ. ಈ ಬಸ್ಸು ಇಂದು ಸರಿಯಾದ ವೇಳೆಗೆ ಬಂದಿದೆ. ಯಾರೂ ಗಾಬರಿಯಾಗಬಾರದು.” ಇಡೀ ನಿಲ್ದಾಣ ಗೊಳ್ಳೆಂದಿತು. ಮೇಲಧಿಕಾರಿ ಕರೆಸಿ ಬೈದರು. ಮೈಕಿನಲ್ಲಿ ಅವಳು ಮಾಡಿದ ತಮಾಷೆ ಅದೊಂದೇ. ಡ್ರೈವರು ಆ ಮೇಲೆ ಬೇರೆ ಯಾವ ಹೆಣ್ಣನ್ನೂ ನೋಡಲು ಹೋಗಲಿಲ್ಲ.

ವಯಸ್ಸಾಗುವ ಹೊತ್ತಿಗೆ ಅವಳ ಕುತ್ತಿಗೆಯಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ತೆಗೆಯದೆ ವಿಧಿಯಿಲ್ಲ, ತೆಗೆದರೆ ದನಿಯ ನರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಾಗೇ ಆಯಿತು. ಜೀವ ಉಳಿಯಿತು, ದನಿ ಪಿಸುಮಾತಾಯಿತು. ಅವಳು ಕೆಲಸ ಬಿಟ್ಟಳು, ನಿಲ್ದಾಣದಲ್ಲಿ ಯಂತ್ರದ ದನಿ ಬಂತು. ಇಷ್ಟು ವರ್ಷ ಮಾತಾಡಿದ್ದರಲ್ಲಿ ಒಂದು ಸಾಲನ್ನೂ ಯಾರೂ ಟೇಪಿನಲ್ಲಿ ತುಂಬಿಸಿಟ್ಟಿರಲಿಲ್ಲ. ದಿನವೂ ಕೇಳುವುದನ್ನು ಯಾರು ತಾನೇ ಎತ್ತಿಡುತ್ತಾರೆ?

ಗಂಡನಿಗೆ ಎಂಜಿನ್ನಿನ ಪಕ್ಕ ಕೂತೂ ಕೂತೂ ಕಿವಿ ಮಂದ. ಅವಳಿಗೆ ಪಿಸುಮಾತಿಗಿಂತ ಮೇಲೆ ದನಿ ಏಳದು. ಹೀಗಾಗಿ ಮನೆಯಲ್ಲಿ ಸಂಸಾರ ನಡೆಯುತ್ತಿದ್ದುದು ಲೋಟ ಚಮಚದ ಮೇಲೆ. ಒಮ್ಮೆ ತಟ್ಟಿದರೆ ಟೀ ಆಗಿದೆ, ಎರಡು ಸಲ ತಟ್ಟಿದರೆ ಊಟ, ಬಿಡದೆ ತಟ್ಟಿದರೆ ಏನೋ ಗ್ರಹಚಾರ ಕಾದಿದೆ ಎಂದರ್ಥ.

ಗಂಡ ಭಾನುವಾರ ಬೆಳಿಗ್ಗೆ ಟಿವಿಯ ಮುಂದೆ ಕೂರಲು ತೊಡಗಿದಾಗ ಅವಳು ಅಷ್ಟು ಗಮನ ಕೊಡಲಿಲ್ಲ. ಅವನು ನೋಡುತ್ತಿದ್ದುದು ‘ಗೂಬೆಪೇಟೆ’ ಎಂಬ ಕಾರ್ಟೂನು. ಗೂಬೆ, ಕೋಣ, ಮೇಕೆಗಳೆಲ್ಲ ಮನುಷ್ಯರ ಹಾಗೆ ಬದುಕುವ ಒಂದು ಪೇಟೆ. ಊರಲ್ಲಿ ಓಡುವ ಸಿನಿಮಾ, ಜಾಹೀರಾತು, ವಾರ್ತೆ ಯಾವುದನ್ನೂ ಅದು ಬಿಡುತ್ತಿರಲಿಲ್ಲ. ಅಲ್ಲಿಯ ಸಿನಿಮಾ ಹೀರೋ ಒಂದು ಕೋಣ. ಅವನು ಎಷ್ಟು ನಿಧಾನವಾಗಿ ನಡೆದು ಬರುತ್ತಾನೆಂದರೆ ಅವನು ಬಂದು ತಲುಪುವಷ್ಟರಲ್ಲಿ ಖಳನಾಯಕನಿಗೆ ನಿದ್ದೆ ಬಂದಿರುತ್ತದೆ. ವಾರ್ತೆ ಓದುವ ಹುಂಜ ಬೆಳಗಾಯಿತು ಎನ್ನುವುದನ್ನೇ ಮೂರು ಸಲ ‘ಈಗಷ್ಟೇ ಬಂದ ಸುದ್ದಿ’ ಎಂದು ಕೂಗುತ್ತದೆ. ಅರವತ್ತು ದಾಟಿದ ಗಂಡಸಿಗೆ ಅರಳು ಮರಳು ಎಂದುಕೊಂಡು ಮೈಕಮ್ಮ ಒಳಗೆ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಗಳು ಫೋನು ಮಾಡಿದಳು. ಅವಳು ಔಷಧದ ಅಂಗಡಿ ನಡೆಸುವವಳು, ಮಾತು ಖಡಕ್ಕು. “ಅಮ್ಮ, ಬೇಗ ಟಿವಿ ನೋಡು. ನಿನ್ನನ್ನ ಆಡ್ಕೊಂಡು ನಗ್ತಿದಾರೆ!”

ಮೈಕಮ್ಮ ಒದ್ದೆ ಕೈಯಲ್ಲೇ ಹಜಾರಕ್ಕೆ ಬಂದಳು. ತೆರೆಯ ಮೇಲೆ ಗೂಬೆಪೇಟೆಯ ಬಸ್ ನಿಲ್ದಾಣ. ಗಾಜಿನ ಕೋಣೆಯಲ್ಲಿ ಕನ್ನಡಕ ಹಾಕಿದ ಒಂದು ಹೆಣ್ಣು ಗೂಬೆ ಮೈಕಿಗೆ ಬಾಗಿತ್ತು.

“ಪ್ರಯಾಣಿಕರ ಗಮನಕ್ಕೆ.” ಒಂದು ಉಸಿರು. “ಮಾವನ ಮನೆಗೆ ಹೋಗುವ ಬಸ್ಸು, ಅಳಿಯಂದಿರ ಸಿಟ್ಟು ಇನ್ನೂ ಇಳಿಯದ ಕಾರಣ, ತಡವಾಗಿ ಹೊರಡಲಿದೆ. ಮಾನ ಮರ್ಯಾದೆಯ ಚೀಲವೊಂದು ನಮಗೆ ಸಿಕ್ಕಿದೆ. ಕಳೆದುಕೊಂಡವರು ಗುರುತು ಹೇಳಿ ಪಡೆದುಕೊಳ್ಳತಕ್ಕದ್ದು.”

ಅವಳ ದನಿ. ಅವಳದೇ. ಕುತ್ತಿಗೆಯ ಗಾಯದ ಗೆರೆಯ ಮೇಲೆ ಅವಳ ಕೈ ತಾನಾಗಿ ಹೋಯಿತು. ಗಂಡನನ್ನು ನೋಡಿದರೆ ಅವನು ಒಳ್ಳೆಯ ಕಿವಿಯನ್ನು ಟಿವಿಯತ್ತ ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದ.

ಅವಳು ಹೋಗಿ ಟಿವಿ ಆರಿಸಿ, ಅವನ ಕಿವಿಯ ಹತ್ತಿರ ಬಗ್ಗಿದಳು. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹೆಂಡತೀನ ಊರೆಲ್ಲ ಆಡ್ಕೊಂಡು ನಗ್ತಿದ್ರೆ ನೀವೂ ಕೂತು ನಗ್ತೀರಾ?”

“ನಾನೆಲ್ಲಿ ನಗ್ತೀನೇ?” ಅಂದ ಅವನು. “ನಾನು ಕೇಳ್ತೀನಿ, ಅಷ್ಟೇ.”

ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದಳು. ಮೊದಲು ಅವಮಾನ ಅನ್ನಿಸಿತು. ಆಮೇಲೆ ಬಂದದ್ದು ಹೊಟ್ಟೆಕಿಚ್ಚು. ಯಾವಳೋ ಒಬ್ಬಳು ತನ್ನ ಗಂಟಲು ಕದ್ದು, ಅದರಲ್ಲಿ ತನ್ನ ಗಂಡನನ್ನು ಕಟ್ಟಿಹಾಕಿದ್ದಾಳೆ. ಹೀಗೆ ಯೋಚಿಸಿ ತನಗೇ ನಗು ಬಂದರೂ ಕಿಚ್ಚು ಆರಲಿಲ್ಲ.

ಸಂಜೆ ಬಂದ ಮಗಳು ಕೂರಲೂ ಇಲ್ಲ. “ಬಿಡಬಾರದು ಅಮ್ಮ. ಒಂದು ಮಾತು ಕೇಳಿಯಾದ್ರೂ ಮಾಡಬೇಕಿತ್ತು. ನಾಳೇನೇ ಹೋಗೋಣ, ಮಾತಾಡೋದೆಲ್ಲ ನಾನು ಮಾತಾಡ್ತೀನಿ.”

“ಜಗಳ ಬೇಡ,” ಪಿಸುಗುಟ್ಟಿದಳು ಮೈಕಮ್ಮ. “ನನಗೆ ಆ ಹುಡುಗೀನ ಒಂದ್ಸಲ ನೋಡಬೇಕು.”

ಕಾರ್ಟೂನು ತಯಾರಾಗುತ್ತಿದ್ದುದು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಸಾಲಾಗಿ ಕಂಪ್ಯೂಟರುಗಳು, ಒಂದರಲ್ಲಿ ಕೋಣದ ಬಾಲ ಅಲ್ಲಾಡುತ್ತಿತ್ತು, ಇನ್ನೊಂದರಲ್ಲಿ ಅದೇ ಕೋಣಕ್ಕೆ ಇನ್ನೂ ಬಾಲವೇ ಬಂದಿರಲಿಲ್ಲ. ಮಾತು ಬರೆಯುವವಳು, ಜಡೆಗೆ ಪೆನ್ಸಿಲು ಸಿಕ್ಕಿಸಿಕೊಂಡ ಸಣ್ಣ ವಯಸ್ಸಿನವಳು, ಬಂದವರು ಯಾರೆಂದು ತಿಳಿದದ್ದೇ ಎದ್ದು ನಿಂತಳು.

“ಅಯ್ಯೋ, ನೀವಾ! ನಿಲ್ದಾಣದಲ್ಲಿ ಕೇಳ್ತಿದ್ದದ್ದು ಹಳೇ ಕ್ಯಾಸೆಟ್ಟಿನ ದನಿ ಅಂತ ಇಷ್ಟು ದಿನ ತಿಳ್ಕೊಂಡಿದ್ದೆ.”

“ಕ್ಯಾಸೆಟ್ಟಿಗೂ ಮನೆ ಮಠ ಇರುತ್ತೆ,” ಅಂದಳು ಮಗಳು. “ಇವರನ್ನ ಯಾಕೆ ಅಣಕಿಸ್ತೀರಿ?”

ಬರೆಯುವವಳು ತಬ್ಬಿಬ್ಬಾದರೂ ಸುಳ್ಳು ಹೇಳಲಿಲ್ಲ. “ಜನಕ್ಕೆ ಗೊತ್ತಿಲ್ಲದ್ದನ್ನ ಅಣಕಿಸಿದ್ರೆ ಯಾರೂ ನಗಲ್ಲ ಅಕ್ಕ. ಹೀರೋನ ಅಣಕಿಸಿದ್ರೆ ಅವನ ಸಿನಿಮಾ ನೋಡಿದೋರು ನಗ್ತಾರೆ. ಬಸ್ಸು ಹತ್ತದೇ ಇರೋರು ಈ ಊರಲ್ಲಿ ಯಾರಿದಾರೆ?”

ಮೈಕಮ್ಮ ಮಗಳ ಕೈ ಅದುಮಿ ಸುಮ್ಮನಾಗಿಸಿದಳು. ಆಮೇಲೆ, “ನನ್ನ ಹಾಗೆ ಮಾತಾಡೋ ಆ ಹುಡುಗಿ ಎಲ್ಲಿ?” ಎಂದು ಪಿಸುಗುಟ್ಟಿದಳು.

“ಯಾವ ಹುಡುಗಿ?”

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆದು, ಕಡಲೆಕಾಯಿ ಮೆಲ್ಲುತ್ತ ಒಬ್ಬ ದಪ್ಪ ಆಸಾಮಿ ಹೊರಬಂದ. ಐವತ್ತರ ವಯಸ್ಸು, ಕೊರಳಲ್ಲಿ ಹೆಡ್‌ಫೋನು, ಹಿಡಿ ತುಂಬುವ ಮೀಸೆ. ಅಲ್ಲಿ ಎಲ್ಲರೂ ಅವನನ್ನು ಟಯರಣ್ಣ ಅನ್ನುತ್ತಿದ್ದರು. ಬರೆಯುವವಳು, “ಇವರೇ ಆ ಹುಡುಗಿ,” ಅಂದಳು.

ಮಗಳಿಗೆ ತಡೆಯಲಾರದ ನಗು ಬಂದು, ಬೈಯಬೇಕೆಂದು ತಂದ ಮಾತೆಲ್ಲ ಅದರಲ್ಲೇ ಕೊಚ್ಚಿಹೋಯಿತು. ಟಯರಣ್ಣ ಮಾತ್ರ ವಿಷಯ ತಿಳಿದು ಬೆವರಿಬಿಟ್ಟ. ಕಡಲೆಕಾಯಿಯನ್ನು ಜೇಬಿಗೆ ತುರುಕಿ ಕೈ ಮುಗಿದ. “ತಪ್ಪಾಯ್ತು ಅಕ್ಕ. ನಿಲ್ದಾಣದ ಹಿಂದುಗಡೆ ನಂದೊಂದು ಟಯರ್ ಅಂಗಡಿ ಇತ್ತು. ಪಂಕ್ಚರ್ ಹಾಕ್ತಾ ನೀವು ಹೇಳಿದ್ದನ್ನ ನಾನೂ ಹೇಳ್ತಿದ್ದೆ, ಗಿರಾಕಿಗಳು ನಗಲಿ ಅಂತ. ಆಮೇಲೆ ನೀವು ನಿಂತುಬಿಟ್ರಿ, ಆ ಯಂತ್ರ ಬಂತು. ಅದು ಹೇಳಿದ್ರೆ ನನಗೆ ಬಸ್ಸು ಹೊರಟ ಹಾಗೇ ಆಗ್ತಿರಲಿಲ್ಲ. ಅದಕ್ಕೆ ನಾನೇ ಇನ್ನೊಂದ್ಸಲ ಹೇಳ್ಕೊಳ್ತಿದ್ದೆ.”

“ಹೇಳಿ, ಕೇಳೋಣ,” ಅಂದಳು ಮೈಕಮ್ಮ.

ಟಯರಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ. ಮೀಸೆಯ ಕೆಳಗಿಂದ ಆ ದನಿ ಹೊರಟಾಗ ಮೈಕಮ್ಮ ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷ ಒಳಗಿಂದಲೇ ಕೇಳಿದ್ದ ದನಿಯನ್ನು ಅವಳು ಎದುರಿಗೆ ಕೂತು ಕೇಳಿದ್ದು ಅದೇ ಮೊದಲು. ಚೆನ್ನಾಗಿದೆ ಅನ್ನಿಸಿತು. ತನ್ನ ದನಿ ಇಷ್ಟು ಚೆನ್ನಾಗಿತ್ತೆಂದು ಅವಳಿಗೆ ತಿಳಿದೇ ಇರಲಿಲ್ಲ.

ತುಸು ಹೊತ್ತಿನ ಮೇಲೆ ಅವಳು ಬರೆಯುವವಳನ್ನು ಹತ್ತಿರ ಕರೆದಳು. “ನೀವು ಬರೆಯೋದೆಲ್ಲ ಬಸ್ಸಿನ ತಮಾಷೆ. ಗಾಜಿನ ಆಚೆ ಜನರನ್ನ ನೋಡ್ತಾ ನಾನು ನುಂಗಿಕೊಂಡ ಮಾತೇ ಬೇರೆ ಇದೆ.”

“ಉದಾಹರಣೆಗೆ?”

“ಬೀಳ್ಕೊಡಲು ಬಂದಿರುವ ಅತ್ತೆಯವರು ಬಸ್ಸಿನಿಂದ ಇಳಿಯತಕ್ಕದ್ದು. ಬುದ್ಧಿಮಾತಿನ ಉಳಿದ ಭಾಗವನ್ನು ಫೋನಿನಲ್ಲಿ ಹೇಳಬಹುದು.”

ಬರೆಯುವವಳು ಜಡೆಯಿಂದ ಪೆನ್ಸಿಲು ಎಳೆದಳು. “ಇನ್ನೊಂದು ಹೇಳಿ.”

ಮೈಕಮ್ಮ ಸ್ವಲ್ಪ ಯೋಚಿಸಿದಳು. “ಕೊನೆಯ ಬೆಂಚಿನಲ್ಲಿ ಅಳುತ್ತಿರುವ ಹೆಣ್ಣುಮಗಳಿಗೆ ಯಾರಾದರೂ ಒಂದು ಲೋಟ ನೀರು ಕೊಡತಕ್ಕದ್ದು.”

ಯಾರೂ ನಗಲಿಲ್ಲ. “ಒಬ್ಬಳು ಹಾಗೆ ಕೂತಿದ್ದಳು,” ಅಂದಳು ಮೈಕಮ್ಮ. “ನಾನು ಮೈಕು ಬಿಟ್ಟು ಏಳೋ ಹಾಗಿರಲಿಲ್ಲ.”

ಆ ಮಾತು ಗೂಬೆಪೇಟೆಯಲ್ಲಿ ಬಂತು. ಬೆಂಚಿನ ಮೇಲೆ ಒಂದು ಮೇಕೆ ಅಳುತ್ತಿರುತ್ತದೆ. ಗೂಬೆ ಮೈಕಿನಲ್ಲಿ ಹೇಳಿದ್ದೇ ತಡ, ಹುಂಜ, ಟಿಕೆಟಿನ ಸಾಲಲ್ಲಿ ನಿಂತ ಹಂದಿ, ಎಲ್ಲರೂ ಲೋಟ, ಚೊಂಬು, ಕೊಡ ಹಿಡಿದು ಓಡಿಬರುತ್ತಾರೆ. ಕೋಣ ಮಾತ್ರ ತನ್ನ ಹೀರೋ ನಡಿಗೆಯಲ್ಲೇ ಬರುತ್ತದೆ. ಚೆಲ್ಲಿದ ನೀರಿಗೆ ನಿಲ್ದಾಣವೇ ತೇಲಿ, ಮೇಕೆ ಬೆಂಚಿನ ಮೇಲೆ ದೋಣಿಯಲ್ಲಿ ಹೋಗುವವಳ ಹಾಗೆ ಕೂತು ನಗುತ್ತದೆ. ಆ ವಾರ ಔಷಧದ ಅಂಗಡಿಗೆ ಬಂದವರೆಲ್ಲ ಅದನ್ನೇ ಆಡುತ್ತಿದ್ದರು ಎಂದು ಮಗಳು ಹೇಳಿದಳು. ಅಂದಿನಿಂದ ಮೈಕಮ್ಮ ವಾರಕ್ಕೊಮ್ಮೆ ಆ ಮಹಡಿ ಹತ್ತುವುದು ರೂಢಿಯಾಯಿತು. ಅವಳ ಎಲ್ಲ ಮಾತೂ ನಡೆಯುತ್ತಿರಲಿಲ್ಲ. ಮೇಲಧಿಕಾರಿಗಳ ಹೊಟ್ಟೆಯ ಬಗ್ಗೆ ಹೇಳಿದ್ದನ್ನು ಬರೆಯುವವಳೇ ಹೊಡೆದುಹಾಕಿದಳು.

ಗಂಡನಿಗೆ ಮಾತ್ರ ಟಯರಣ್ಣನ ವಿಷಯ ನುಂಗಲಾರದ ತುತ್ತಾಯಿತು. “ಮೀಸೆನಾ?” ಎಂದು ಎರಡು ಸಲ ಕೇಳಿದ. ಒಂದು ಭಾನುವಾರ ಮೈಕಮ್ಮ ಟಯರಣ್ಣನನ್ನು ಊಟಕ್ಕೆ ಕರೆದಳು. ಮಗಳೂ ಬಂದಿದ್ದಳು. ಊಟದ ಉದ್ದಕ್ಕೂ ಗಂಡ ಅತಿಥಿಯ ಮುಖ ನೋಡುವುದು, ತಲೆ ತಗ್ಗಿಸುವುದು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟ.

“ತಪ್ಪು ತಿಳ್ಕೋಬೇಡಿ. ಒಂದ್ಸಲ ಆ ಕಡೆ ತಿರುಗಿ ಕೂತು ಹೇಳ್ತೀರಾ?”

ಟಯರಣ್ಣ ನಗದೆ, ತಟ್ಟೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ಕೂತ. “ಏನು ಹೇಳಲಿ ಅಕ್ಕ?”

ಮೈಕಮ್ಮ ಎದ್ದು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದಳು.

“ರೀ,” ಅಂತು ಗೋಡೆಯ ಕಡೆಯಿಂದ ಆ ದನಿ, “ಇನ್ನೊಂದು ತುತ್ತು ಹಾಕ್ಕೊಳ್ಳಿ. ಬೆಳಿಗ್ಗೆಯಿಂದ ಸರಿಯಾಗಿ ತಿಂದಿಲ್ಲ.”

ಅವನು ಗೋಡೆಯ ಕಡೆ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ. “ಆಯ್ತು ಕಣೇ, ಹಾಕು,” ಎಂದು ಅವಳತ್ತ ತಟ್ಟೆ ಚಾಚಿದ.

ಬಡಿಸಿದ ಮೇಲೆ ಮೈಕಮ್ಮ ಮತ್ತೆ ಟಯರಣ್ಣನ ಕಿವಿಗೆ ಬಗ್ಗಿದಳು. ಈ ಸಲ ಮಾತು ಉದ್ದವಿತ್ತು. ಟಯರಣ್ಣ ಕೇಳುತ್ತ ಕೇಳುತ್ತ ತಲೆ ಅಲ್ಲಾಡಿಸಿದ. “ಇಷ್ಟೊಂದು ಬೈಗುಳಾನ ನಾನು ಹೇಳಲ್ಲ ಅಕ್ಕ. ಊಟ ಹಾಕಿದ ಮನೆ ಇದು.” ಮಗಳು ನೀರು ಕುಡಿಯುತ್ತಿದ್ದವಳು ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದಳು.